ಕಂಪನಿ ಬರೆದ ವೇಗ

ಬ್ರೂಸ್‌ಪೇಟೆಯಲ್ಲಿ ಕಿರಿದಾದ ಮೆಟ್ಟಿಲು ಹತ್ತಿದರೆ
ಖಾದರ್‌ಬಾಷಾನ ಅಂಗಡಿ.
ಗಾಜಿನ ಕಪಾಟಿನಲ್ಲಿ, ಮೊಹರಮ್ಮಿನ ಪೀರಗಳ ಹಾಗೆ
ಜರಿ ಹೊದ್ದು ನಿಂತಿದ್ದವು ದುಬಾರಿ ರ‍್ಯಾಮುಗಳು.
"ಏಳು ಬಣ್ಣ ಮಿಣುಕತೈತೆ ನೋಡಕ್ಕಾ. ಒಂಬತ್ತು ಸಾವಿರ."
ಮಿಣುಕಿದರೆ ಜೋರು ಓಡುತ್ತದೇನು, ಕೇಳಿದೆ.
ನಕ್ಕ. "ಇಲ್ಲ. ಬಣ್ಣಕ್ಕೇ ಮೂರು ಸಾವಿರ."

ನನ್ನ ಲೆಕ್ಕ ಬೇರೆ.
ಜೀನ್ಸಿನ ಹಿಂದಿನ ಜೇಬು, ಒಂದಕ್ಕೆ ಎರಡೂವರೆ ರೂಪಾಯಿ.
ಒಂಬತ್ತು ಸಾವಿರವೆಂದರೆ ಮೂರು ಸಾವಿರದ ಆರುನೂರು ಜೇಬು;
ಯಾರದೋ ಬೀಡಿಕಟ್ಟು, ಯಾರದೋ ಬಾಚಣಿಗೆ
ಇಳಿಯಬೇಕಾದ ಅಷ್ಟೂ ಕತ್ತಲೆಯನ್ನು
ನಾನೇ ಹೊಲಿದು ಮುಗಿಸಬೇಕು.
ಕೈಯಲ್ಲಿದ್ದದ್ದು ಸಾವಿರದ ನಾನೂರು ಜೇಬಿನ ದುಡ್ಡು.

ಕೆಳಗಿನ ಡ್ರಾದಿಂದ ತೆಗೆದ
ಹಸಿರು ಪಟ್ಟಿ. ಮೈಮೇಲೆ ಅಂಗಿ ಕೂಡ ಇಲ್ಲ.
"ಹದಿನಾರರದು ಒಂದೇ ತಗಾ, ಇನ್ನೂರು ಉಳಿತೈತೆ."
ಬೇಡ, ಎಂಟೆಂಟರವು ಎರಡು ಕೊಡು.
ಡಬಲ್ ನೀಡಲ್ ಮಷೀನಿನ ಮುಂದೆ ಹನ್ನೊಂದು ವರ್ಷ ಕೂತವಳಿಗೆ
ಒಂಟಿ ಸೂಜಿಯ ಉಳಿತಾಯ ಹೇಳಬೇಡ.

ಥಾನಿನ ಅಂಚು ನೋಡಿ ಗಿರಣಿ ಹೇಳುವ ಕಣ್ಣು ನನ್ನದು.
ಕಿಟಕಿಯ ಬೆಳಕಿಗೆ ಓರೆ ಹಿಡಿದು
ಕರಿ ಚಿಪ್ಪುಗಳ ಮೇಲಿನ ಸಣ್ಣಕ್ಷರ ಓದಿದೆ.
ಎರಡರ ಮೇಲೂ ಒಂದೇ ಬರಹ, ಒಂದೇ ವಾರದ ಹುಟ್ಟು.
ಅವಳಿಗಳು. ಸಾಕು.
"ಇಪ್ಪತ್ತಾರು ಅರವತ್ತಾರು ಅಂತ ಬರದೈತೆ," ಅಂದ, ಎಚ್ಚರಿಸುವಂತೆ.

ನಮ್ಮ ಯೂನಿಟ್ಟಿನ ಮೆಕ್ಯಾನಿಕ್ ಎರ‍್ರಿಸ್ವಾಮಿ
ಮೋಟಾರಿನ ಪುಲ್ಲಿ ಬದಲಿಸುತ್ತ ಒಮ್ಮೆ ಹೇಳಿದ್ದ:
"ಕಂಪನಿ ಬರಿಯೋದು ಮಷೀನಿನ ತಾಕತ್ತಲ್ಲಮ್ಮ,
ಕಂಪನಿಯ ಅಂಜಿಕೆ."

*

ಕೌಲ್‌ಬಜಾರಿನ ತಗಡಿನ ಮನೆ. ಮೇ ತಿಂಗಳು.
ಹಗಲು ಮುಟ್ಟುವಂತಿಲ್ಲ; ತಗಡೇ ಓವರ್‌ಕ್ಲಾಕ್ ಆಗಿರುತ್ತದೆ.
ಹನ್ನೆರಡು ಹೊಡೆದ ಮೇಲೆ ಪೆಟ್ಟಿಗೆಯ ಪಕ್ಕ ಬಿಚ್ಚಿ,
ಟೇಬಲ್ ಫ್ಯಾನು ತಿರುಗಿಸಿ ಕೂತೆ.
ಮುಚ್ಚಿದ ಸೈಬರ್ ಸೆಂಟರಿನ ಬೋರ್ಡು,
ತಂಗಿಯ ಗಂಡ ಮಾರಿದ ಪ್ರೊಸೆಸರು.
ಜೇಬಿನ ಮೇಲಿನ ಕಸೂತಿಯನ್ನು ನಾನೇ ಬರೆಯಬೇಕೆಂಬ ಹಟ.

ವೋಲ್ಟೇಜು ಒಂದು ಪಾಯಿಂಟ್ ಎರಡರಿಂದ
ಒಂದು ಪಾಯಿಂಟ್ ಮೂವತ್ತೈದಕ್ಕೆ,
ದಾರದ ಬಿಗುವಿನ ತಿರುಪು ತಿರುಗಿಸಿದಂತೆ, ಕೂದಲೆಳೆ ಕೂದಲೆಳೆ.
ಎರಡು ಸಾವಿರದ ಎಂಟುನೂರು: ಎದ್ದಿತು.
ಇಪ್ಪತ್ತೊಂಬತ್ತು ಮೂವತ್ಮೂರು: ಎದ್ದಿತು.
ಮೂರು ಸಾವಿರದ ಇನ್ನೂರು:
ಪರದೆ ಕಪ್ಪು. ಫ್ಯಾನು ಮಾತ್ರ ಯಾರೂ ಇಲ್ಲದ ಮನೆಯಲ್ಲಿ ಮಾತಾಡಿಕೊಂಡಂತೆ.

ನಾಣ್ಯದಂಥ ಬ್ಯಾಟರಿ ಕಿತ್ತೆ.
ಒಂದರಿಂದ ಅರವತ್ತು ಎಣಿಸಿದೆ.
ಎಲ್ಲ ಮರೆತು ಮತ್ತೆ ಎದ್ದು
ಗಡಿಯಾರ ತಪ್ಪು ಎಂದು ದೂರು ಹೇಳಿತು.

ಒಂದು ಮೆಟ್ಟಿಲು ಇಳಿದೆ. ಮೂವತ್ತು ಅರವತ್ತಾರು.
ಪರೀಕ್ಷೆಗೆ ಬಿಟ್ಟು, ಒದ್ದೆ ಚಾಪೆಯ ಮೇಲೆ ಒರಗಿದೆ.
ಮೂರು ಹತ್ತಕ್ಕೆ ಎಚ್ಚರ:
ನೀಲಿ ಪರದೆಯಲ್ಲಿ ಒಂದು ಕೆಂಪು ಗೆರೆ.
ಕೋಟಿಗಟ್ಟಲೆ ಕೋಣೆಗಳಲ್ಲಿ ಒಂದೇ ಒಂದು ತಪ್ಪು.

ಬಿಟ್ಟುಬಿಡಬಹುದಿತ್ತು. ಯಾರು ನೋಡುತ್ತಾರೆ?
ಆದರೆ ಒಂದು ಹೊಲಿಗೆ ಹಾರಿದ್ದಕ್ಕೆ
ಇಡೀ ಬಂಡಲ್ ವಾಪಸು ಬಂದದ್ದು ಕಂಡಿದ್ದೇನೆ,
ಆ ವಾರದ ಕೂಲಿ ಕೂಡ ಅದರ ಜೊತೆಗೇ ಹೋಯಿತು.

ಟೈಮಿಂಗ್ ಒಂದು ಎಳೆ ಸಡಿಲ ಮಾಡಿದೆ:
ಹದಿನಾರಿದ್ದದ್ದು ಹದಿನೆಂಟು.
ಓಡು, ಆದರೆ ಉಸಿರು ತಗೊಂಡು ಓಡು.

ಬೆಳಗ್ಗೆ ನಲ್ಲಿಗೆ ನೀರು ಬಂದಾಗ
ಪರದೆ ನೀಲಿಯಾಗಿಯೇ ಇತ್ತು. ಕೆಂಪು ಸೊನ್ನೆ.

ಕೆಂಪೆಲ್ಲ ಇದ್ದದ್ದು ಫ್ಯಾನಿನ ಬಾಯಿಗೆ ಕಟ್ಟಿದ
ಜೇಬಿನ ಒಳಬಟ್ಟೆಯಲ್ಲಿ:
ಒಂದೇ ರಾತ್ರಿಗೆ ಅದಿರಿನ ಧೂಳು
ಅಂಗೈಯಗಲ ಕೂತಿತ್ತು.
ಬಿಚ್ಚಿ, ಬಕೆಟ್ಟಿನಲ್ಲಿ ಜಾಲಿಸಿದೆ.

ಪೆಟ್ಟಿಗೆಯ ಮೇಲೆ ಬಟ್ಟೆ ಗುರುತಿನ ಸೀಮೆಸುಣ್ಣದಲ್ಲಿ
೩೦೬೬ ಎಂದು ಬರೆದಿದ್ದೇನೆ.
ಸುಣ್ಣ ಯಾಕೆಂದರೆ
ಡಿಸೆಂಬರಿಗೆ ತಗಡು ತಣ್ಣಗಾಗುತ್ತದೆ.